ಜೋಲ್ತಾನ್ ಕೊದಾಯ್: ಭಾಷೆಯಿಂದ ವೃಂದಗಾನಕ್ಕೆ

ಹಂಗೇರಿಯ ಸಂಗೀತಜ್ಞ ಜೋಲ್ತಾನ್ ಕೊದಾಯ್ (1882-1967) ಅವರ ಹೆಸರು ಇಂದು ಬಹುಮಟ್ಟಿಗೆ ಒಂದು ಬೋಧನಾ ಪದ್ಧತಿಯ ಹೆಸರಾಗಿಯೇ ಬಳಕೆಯಲ್ಲಿದೆ. ಆದರೆ ಆ ಪದ್ಧತಿಯನ್ನು ಹಂತ ಹಂತವಾಗಿ ವಿವರಿಸುವ ಕೈಪಿಡಿಯನ್ನು ಅವರು ಬರೆಯಲಿಲ್ಲ. ಅದನ್ನು ತರಗತಿಯ ಮಟ್ಟಕ್ಕೆ ಇಳಿಸಿದವರು ಯೇನೊ ಆದಾಮ್ ಮೊದಲಾದ ಅವರ ಶಿಷ್ಯರು. ಕೊದಾಯ್ ಮೂಲತಃ ಭಾಷೆ ಮತ್ತು ಸಾಹಿತ್ಯದ ವಿದ್ಯಾರ್ಥಿ. ಈ ಸಂಗತಿಯನ್ನು ಬದಿಗಿಟ್ಟು ಅವರ ವೃಂದಗಾನ ಚಿಂತನೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

1882ರ ಡಿಸೆಂಬರ್ 16ರಂದು ಕೆಚ್ಕೆಮೇಟ್‌ನಲ್ಲಿ ಹುಟ್ಟಿದ ಕೊದಾಯ್ ಅವರ ತಂದೆ ರೈಲ್ವೆ ನೌಕರರು. ವರ್ಗಾವಣೆಯ ಕಾರಣದಿಂದ ಬಾಲ್ಯ ಗಲಾಂತಾ, ನಾಜ್‌ಸೊಂಬತ್ ಊರುಗಳಲ್ಲಿ ಕಳೆಯಿತು; ಇವೆರಡೂ ಇಂದಿನ ಸ್ಲೊವಾಕಿಯಾದಲ್ಲಿವೆ. ನಾಜ್‌ಸೊಂಬತ್‌ನ ಚರ್ಚಿನ ಗಾಯಕವೃಂದದಲ್ಲಿ ಹಾಡಿದ ಹುಡುಗ 1900ರಲ್ಲಿ ಬುಡಾಪೆಸ್ಟ್‌ಗೆ ಬಂದು ಎರಡು ಸಂಸ್ಥೆಗಳಲ್ಲಿ ಏಕಕಾಲಕ್ಕೆ ಓದತೊಡಗಿದ. ವಿಶ್ವವಿದ್ಯಾಲಯದಲ್ಲಿ ಹಂಗೇರಿಯನ್ ಮತ್ತು ಜರ್ಮನ್ ಸಾಹಿತ್ಯ. ಸಂಗೀತ ಅಕಾಡೆಮಿಯಲ್ಲಿ ಹಾನ್ಸ್ ಕೋಸ್ಲರ್ ಅವರಲ್ಲಿ ಸಂಯೋಜನೆ. ಕೋಸ್ಲರ್ ಜರ್ಮನ್ನರು; ಆ ಅಕಾಡೆಮಿಯ ಸಂಗೀತದ ಮಾದರಿಯೂ ಜರ್ಮನಿಯದೇ. ರಾಜಧಾನಿಯ ಸಂಗೀತಲೋಕ ತನ್ನ ಹಳ್ಳಿಗಳ ಹಾಡನ್ನು ಅರಿಯದೆಯೇ ರಾಷ್ಟ್ರೀಯ ಸಂಗೀತದ ಮಾತನಾಡುತ್ತಿದ್ದ ಕಾಲವದು.

1905ರಲ್ಲಿ ಕೊದಾಯ್ ಹಳ್ಳಿಗಳಿಗೆ ಹೊರಟರು. 1906ರಲ್ಲಿ ಡಾಕ್ಟರೇಟ್‌ಗಾಗಿ ಸಲ್ಲಿಸಿದ ಪ್ರಬಂಧದ ವಿಷಯ ಹಂಗೇರಿಯ ಜನಪದ ಗೀತೆಗಳ ಪದ್ಯಬಂಧದ ರಚನೆ. ತ್ರಿಪದಿ, ಸಾಂಗತ್ಯಗಳನ್ನು ಹಾಡುಗಬ್ಬವಾಗಿ ಪರಿಶೀಲಿಸುವವರಿಗೆ ಈ ಪ್ರಶ್ನೆ ಅಪರಿಚಿತವೇನಲ್ಲ: ಸಾಲಿನ ಅಳತೆಯನ್ನು ಮಾತು ನಿರ್ಧರಿಸುತ್ತದೆಯೋ, ರಾಗ ನಿರ್ಧರಿಸುತ್ತದೆಯೋ? ಅದೇ ವರ್ಷ ಬೇಲಾ ಬಾರ್ತೋಕ್ ಜೊತೆಗೂಡಿ 20 ಜನಪದ ಗೀತೆಗಳ ಸಂಕಲನವನ್ನು ಹೊರತಂದರು. 1907ರಲ್ಲಿ ತಾವು ಓದಿದ ಅಕಾಡೆಮಿಯಲ್ಲಿಯೇ ಅಧ್ಯಾಪಕರಾದರು.

ಕ್ಷೇತ್ರಕಾರ್ಯ ಕಲಿಸಿದ ಮುಖ್ಯ ಪಾಠ ಛಂದಸ್ಸಿಗೆ ಸಂಬಂಧಿಸಿದ್ದು. ಹಂಗೇರಿಯನ್ ಭಾಷೆಯಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಜರ್ಮನ್ ಗೀತೆಗಳಲ್ಲೋ ಒತ್ತಿಲ್ಲದ ಸ್ವರದಿಂದ ಆರಂಭವಾಗುವ ಮಟ್ಟುಗಳು ಹೇರಳ. ಅಂಥ ಮಟ್ಟಿಗೆ ಹಂಗೇರಿಯನ್ ಮಾತನ್ನು ತೊಡಿಸಿದಾಗ ಒತ್ತು ತಪ್ಪಿ, ಮಕ್ಕಳು ತಮ್ಮದೇ ಭಾಷೆಯನ್ನು ವಿದೇಶಿಯರಂತೆ ಉಚ್ಚರಿಸಿ ಹಾಡುವುದು ಶಾಲೆಗಳಲ್ಲಿ ರೂಢಿಯಾಗಿತ್ತು. ವೃಂದನಿರ್ದೇಶಕನ ಮೊದಲ ಅರ್ಹತೆ ಭಾಷಾಪ್ರಜ್ಞೆ ಎಂಬ ಕೊದಾಯ್ ಅವರ ನಿಲುವಿಗೆ ಈ ಅನುಭವವೇ ತಳಹದಿ. ಉಚ್ಚಾರಣೆಯ ಅವನತಿಯ ವಿರುದ್ಧ ಅವರು 1930ರ ದಶಕದಲ್ಲಿ ನಡೆಸಿದ ಆಂದೋಲನವನ್ನು ಸಂಗೀತಗಾರನ ಹವ್ಯಾಸವೆಂದು ಬಗೆಯುವುದು ತಪ್ಪಾದೀತು.

1919ರ ರಾಜಕೀಯ ಅವರನ್ನೂ ಬಿಡಲಿಲ್ಲ. ಅಲ್ಪಾವಧಿಯ ಸೋವಿಯತ್ ಮಾದರಿಯ ಸರ್ಕಾರದ ಕಾಲದಲ್ಲಿ ಅವರು ಅಕಾಡೆಮಿಯ ಉಪನಿರ್ದೇಶಕರಾಗಿದ್ದರು. ಸರ್ಕಾರ ಬಿದ್ದ ಮೇಲೆ ವಿಚಾರಣೆ ನಡೆದು, ಸುಮಾರು ಎರಡು ವರ್ಷ ಬೋಧನೆಯಿಂದ ದೂರವಿರಬೇಕಾಯಿತು. ಈ ಮೌನದ ನಂತರ ಬಂದದ್ದು 1923ರ ನವೆಂಬರ್ 19ರಂದು ಪ್ರಥಮ ಪ್ರಯೋಗ ಕಂಡ 'ಸಾಲ್ಮುಸ್ ಹುಂಗಾರಿಕುಸ್'. ಬುಡಾ ಮತ್ತು ಪೆಸ್ಟ್ ಒಂದಾದ 50ನೆಯ ವರ್ಷದ ಉತ್ಸವಕ್ಕೆ ಅವರು ಆರಿಸಿಕೊಂಡದ್ದು ಹೊಗಳಿಕೆಯ ಪದ್ಯವಲ್ಲ; ಕೆಚ್ಕೆಮೇಟ್‌ನ 16ನೆಯ ಶತಮಾನದ ಕವಿಯೊಬ್ಬ ದಾವೀದನ 55ನೆಯ ಕೀರ್ತನೆಯನ್ನು ಆಧರಿಸಿ ಬರೆದ, ದ್ರೋಹದಿಂದ ನೊಂದವನ ಪ್ರಲಾಪ. ಈ ಆಯ್ಕೆಯನ್ನು ಆಕಸ್ಮಿಕವೆನ್ನಲಾಗದು.

1925ರ ಸುಮಾರಿಗೆ ಅವರ ಗಮನ ಮಕ್ಕಳ ಕಡೆಗೆ ತಿರುಗಿತು. ಶಾಲಾಮಕ್ಕಳು ಹಾಡುತ್ತಿದ್ದ ಹಾಡುಗಳ ಕೀಳು ಗುಣಮಟ್ಟ ಅವರನ್ನು ಕಂಗೆಡಿಸಿತ್ತು. ಬುಡಾಪೆಸ್ಟ್‌ನ ಹುಡುಗರ ವೃಂದವೊಂದಕ್ಕೆ ಜನಪದ ಮೂಲದ ಎರಡು ರಚನೆಗಳನ್ನು ಬರೆದರು. ಬಳಿಕ ಮಕ್ಕಳಿಗಾಗಿ ಬರೆಯುವುದನ್ನು ಬಿಡಲೇ ಇಲ್ಲ. 1929ರ 'ಮಕ್ಕಳ ವೃಂದಗಳು' ಲೇಖನದಲ್ಲಿ ಅವರ ವಾದ ಕಟುವಾಗಿದೆ: ಒಪೆರಾದ ಅಸಮರ್ಥ ನಿರ್ದೇಶಕನನ್ನು ತೆಗೆದುಹಾಕಬಹುದು, ಆದರೆ ಸಣ್ಣ ಊರಿನ ಅಸಮರ್ಥ ಶಿಕ್ಷಕ ತಲೆಮಾರುಗಳ ಅಭಿರುಚಿಯನ್ನೇ ಕೊಲ್ಲುತ್ತಾನೆ. ಆದ್ದರಿಂದ ಹೊಣೆ ಶಿಕ್ಷಕನನ್ನು ರೂಪಿಸುವ ಉನ್ನತ ಶಿಕ್ಷಣ ಸಂಸ್ಥೆಯದಾಗುತ್ತದೆ.

ಅಕಾಡೆಮಿಯ ತರಬೇತಿಯನ್ನು ಕುರಿತ ಅವರ ಆಕ್ಷೇಪ ಇಲ್ಲಿಂದಲೇ ಹುಟ್ಟಿತು. ವಿದ್ಯಾರ್ಥಿಯ ಬೆರಳು ವೇಗವಾಗಿ ಓಡುತ್ತದೆ, ಕಿವಿ ಹಿಂದುಳಿಯುತ್ತದೆ. ಸ್ವರಲಿಪಿಯನ್ನು ಕಂಡಾಗ ನಾದ ಮನಸ್ಸಿನಲ್ಲಿ ಮೂಡುವುದಿಲ್ಲ, ವಾದ್ಯವನ್ನು ಮುಟ್ಟಿದ ಮೇಲಷ್ಟೇ ಕೇಳುತ್ತದೆ. ಇಂಥವನು ಕೋಲು ಹಿಡಿದು ವೃಂದದ ಮುಂದೆ ನಿಂತರೆ ತಪ್ಪು ಎಲ್ಲಿದೆಯೆಂದು ಗುರುತಿಸಲಾರ. 1953ರಲ್ಲಿ ಅಕಾಡೆಮಿಯ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದಲ್ಲಿ ಕಿವಿ, ಬುದ್ಧಿ, ಹೃದಯ, ಕೈ ಈ ನಾಲ್ಕೂ ಸಮನಾಗಿ ಬೆಳೆಯಬೇಕೆಂದು ಪ್ರತಿಪಾದಿಸಿದರು. ಕಿವಿಯ ಶಿಕ್ಷಣಕ್ಕೆ ಅವರು ಒಪ್ಪಿಕೊಂಡದ್ದು ಇಂಗ್ಲೆಂಡಿನ ವೃಂದಗಳಲ್ಲಿ ಬಳಕೆಯಲ್ಲಿದ್ದ ಚಲಿಸುವ ಆಧಾರಸ್ವರದ ಸ್ವರನಾಮಗಳನ್ನು. ಯಾವ ಶ್ರುತಿಯಲ್ಲಿ ಹಾಡಿದರೂ ಷಡ್ಜ ಷಡ್ಜವೇ ಆಗಿರುವ ನಮ್ಮ ಸಂಪ್ರದಾಯಕ್ಕೆ ಇದು ತೀರ ಸಹಜ; ಯುರೋಪಿನ ಹಲವು ಸಂಗೀತಶಾಲೆಗಳಿಗೆ ಅಷ್ಟು ಸಹಜವಾಗಿರಲಿಲ್ಲ.

ಪಿಯಾನೊ ಕುರಿತ ಅವರ ಅಭಿಪ್ರಾಯವೂ ಗಮನಾರ್ಹ. ಪಿಯಾನೊದ ಸ್ವರಗಳು ಸ್ಥಾಯಿಯನ್ನು 12 ಸಮಭಾಗ ಮಾಡಿ ಹೊಂದಿಸಿದವು. ಅವುಗಳ ಅಂತರಗಳು ಶುದ್ಧ ಶ್ರುತಿಯ ಅಂತರಗಳಲ್ಲ. ಅದನ್ನು ಊರುಗೋಲಾಗಿಸಿಕೊಂಡ ವೃಂದ ಶುದ್ಧವಾಗಿ ಹಾಡುವುದನ್ನು ಕಲಿಯುವುದಿಲ್ಲ. ಎರಡು ಕಂಠಗಳು ಒಂದನ್ನೊಂದು ಆಲಿಸುತ್ತ ಹೊಂದಿಕೊಳ್ಳುವುದೇ ಇದಕ್ಕೆ ಮದ್ದು ಎಂಬ ಕಾರಣದಿಂದ 1941ರಲ್ಲಿ 'ಶುದ್ಧವಾಗಿ ಹಾಡೋಣ' ಎಂಬ ದ್ವಿಕಂಠ ಅಭ್ಯಾಸಗಳ ಪುಸ್ತಕವನ್ನು ರಚಿಸಿದರು. ಅವರ ಶಿಷ್ಯ ಲಾಯೋಶ್ ಬಾರ್ದೋಶ್ ಅಕಾಡೆಮಿಯಲ್ಲಿ ದಶಕಗಳ ಕಾಲ ವೃಂದನಿರ್ದೇಶನ ಕಲಿಸಿದರು. 1934ರಲ್ಲಿ ಮೊದಲಾದ 'ಹಾಡುವ ಯುವಜನ' ಚಳವಳಿಯನ್ನು ಊರೂರಿಗೆ ಒಯ್ದವರೂ ಇಂಥ ಶಿಷ್ಯರೇ.

ಯುದ್ಧದ ಕೊನೆಯ ತಿಂಗಳುಗಳಲ್ಲಿ ಕೊದಾಯ್ ದಂಪತಿಗಳು ಬುಡಾಪೆಸ್ಟ್‌ನ ಒಪೆರಾ ಕಟ್ಟಡದ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದರು. 'ಮಿಸ್ಸಾ ಬ್ರೆವಿಸ್' ಕೃತಿಯನ್ನು 1945ರ ಆರಂಭದಲ್ಲಿ ಅಲ್ಲಿಯೇ, ಪ್ರೇಕ್ಷಕರ ಕೋಟುಗಳನ್ನಿಡುವ ಕೋಣೆಯಲ್ಲಿ, ಮೊದಲು ಹಾಡಲಾಯಿತು. 1946ರಿಂದ 1949ರವರೆಗೆ ಅವರು ಹಂಗೇರಿಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1950ರಲ್ಲಿ ಅವರ ಜನ್ಮಸ್ಥಳದಲ್ಲಿ ಪ್ರತಿದಿನ ಸಂಗೀತ ಬೋಧಿಸುವ ಮೊದಲ ಪ್ರಾಥಮಿಕ ಶಾಲೆ ಆರಂಭವಾಯಿತು. ಮರುವರ್ಷ ಹೊರಬಂದ ಹಂಗೇರಿಯ ಜನಪದ ಸಂಗೀತ ಭಂಡಾರದ ಮೊದಲ ಸಂಪುಟ ಮಕ್ಕಳ ಆಟದ ಹಾಡುಗಳಿಗೆ ಮೀಸಲಾಗಿತ್ತು. ಕೊದಾಯ್ 1967ರ ಮಾರ್ಚ್ 6ರಂದು ಬುಡಾಪೆಸ್ಟ್‌ನಲ್ಲಿ ನಿಧನರಾದರು. 1975ರಲ್ಲಿ ಕೆಚ್ಕೆಮೇಟ್‌ನಲ್ಲಿ ಅವರ ಹೆಸರಿನ ಸಂಗೀತಶಿಕ್ಷಣ ಸಂಸ್ಥೆ ತೆರೆಯಿತು. ಮುಂದೆ ಅದು ಅವರು ಓದಿ, ಅಧ್ಯಾಪಕರಾಗಿದ್ದ ಅಕಾಡೆಮಿಯ ಭಾಗವಾಯಿತು.