ಪಾತ್ರಗಳ ಒಳಗಣ್ಣಿನಿಂದ ಕಥೆ ಕಂಡ ಕೊಡಗಿನ ಗೌರಮ್ಮ

ಚೆಟ್ಟಳ್ಳಿ (ಕೊಡಗು): ಇಲ್ಲಿಂದ ಕಾಫಿ ತೋಟಗಳ ನಡುವೆ ಸಾಗುವ ರಸ್ತೆ ಸುಂಟಿಕೊಪ್ಪವನ್ನು ಸೇರುತ್ತದೆ. ಅದರ ಬಳಿಯ ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ 1930ರ ದಶಕದಲ್ಲಿ ವ್ಯವಸ್ಥಾಪಕರಾಗಿದ್ದವರು ಬಿ.ಟಿ. ಗೋಪಾಲಕೃಷ್ಣ. ಅವರ ಪತ್ನಿ ಬರೆದ ಕಥೆಗಳು 'ಶ್ರೀಮತಿ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಬೆಳಕು ಕಂಡವು. ಆ ಲೇಖಕಿಯೇ ಕನ್ನಡಿಗರು ಇಂದಿಗೂ ನೆನೆಯುವ ಕೊಡಗಿನ ಗೌರಮ್ಮ.

1912ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಗೌರಮ್ಮ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಹದಿಹರೆಯದಲ್ಲೇ ವಿವಾಹವಾಯಿತು. ಟೆನಿಸ್ ಆಟ, ಈಜು ಎರಡೂ ಅವರಿಗೆ ಪ್ರಿಯವಾಗಿದ್ದವು. ಅಂದಿನ ಗೃಹಿಣಿಯರಲ್ಲಿ ಇದು ಅಪರೂಪವೇ ಸರಿ. ಹಟವೂ ಅಷ್ಟೇ ಇತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತರು. ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು.

ಈ ದಿಟ್ಟತನ ಕಥೆಗಳಲ್ಲಿ ಬೇರೆಯದೇ ರೂಪ ತಳೆದಿದೆ. ವಿಧವೆಯರ ಬಗ್ಗೆ ಸುಧಾರಕರೂ ಸಂಪ್ರದಾಯಸ್ಥರೂ ವಾದಿಸುತ್ತಿದ್ದ ಕಾಲವದು. ಆ ವಾದದಲ್ಲಿ ವಿಧವೆಯ ಮಾತು ಮಾತ್ರ ವಿರಳವಾಗಿತ್ತು. ಗೌರಮ್ಮ ತೀರ್ಪು ನೀಡುವ ಗೋಜಿಗೆ ಹೋಗದೆ ಪಾತ್ರಗಳ ಮನಸ್ಸಿನೊಳಗೆ ಇಳಿದರು. ಪಾತ್ರವೇ 'ನಾನು' ಎಂದು ನಿರೂಪಿಸುವ ಕ್ರಮ ಹಾಗೂ ಪತ್ರಗಳ ಬಳಕೆ ಅವರಿಗೆ ಒಲಿದ ತಂತ್ರಗಳು. ಪತ್ರ ಬರೆಯುವವರಿಗೆ ತಮಗೆ ಕಂಡಷ್ಟೇ ಸತ್ಯ. ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳಬೇಕು.

'ವಾಣಿಯ ಸಮಸ್ಯೆ'ಯನ್ನೇ ನೋಡಬಹುದು. ವಾಣಿ, ಆಕೆಯ ಪತಿ ರತ್ನ, ನೆರೆಮನೆಯ ತರುಣ ವಿಧವೆ ಇಂದು: ಕಥೆ ಈ ಮೂವರದು. ಸಾಮಾನ್ಯ ಕಥೆಗಾರರ ಕೈಯಲ್ಲಿ ಇಂದು ಮನೆ ಮುರಿಯುವವಳಾಗಿಯೋ ಕರುಣೆಯ ಗೊಂಬೆಯಾಗಿಯೋ ಉಳಿದುಬಿಡುತ್ತಿದ್ದಳು. ಗೌರಮ್ಮ ಆಕೆಯ ಒಂಟಿತನಕ್ಕೂ ಆಸೆಗೂ ಸಮಾನ ಸ್ಥಾನ ಕೊಟ್ಟರು, ವಾಣಿಯನ್ನೂ ಖಳನಾಯಕಿಯಾಗಿಸಲಿಲ್ಲ. 'ಅಪರಾಧಿ ಯಾರು' ಕಥೆಯಲ್ಲಂತೂ ಶೀರ್ಷಿಕೆಯೇ ತೀರ್ಪನ್ನು ಓದುಗರಿಗೆ ಬಿಟ್ಟುಕೊಡುತ್ತದೆ. ಎಲ್ಲ ಕಥೆಗಳೂ ಒಂದೇ ತೂಕದವಲ್ಲ. ಕೆಲವೆಡೆ ಭಾವುಕತೆ ಹೆಚ್ಚು, ಕೆಲವೆಡೆ ಆಕಸ್ಮಿಕಗಳು ಹೆಚ್ಚು. ಇಪ್ಪತ್ತರ ಹರೆಯದ ಬರಹವೆಂಬುದನ್ನು ಮರೆಯುವಂತಿಲ್ಲ.

1939ರ ಏಪ್ರಿಲ್ 13ರಂದು ಈಜಲು ಹೊಳೆಗಿಳಿದ ಗೌರಮ್ಮ ಮರಳಲಿಲ್ಲ. ಆಗ ಅವರಿಗೆ 27ರ ಪ್ರಾಯ, ಎಳೆಯ ಮಗನೊಬ್ಬನಿದ್ದ. 'ಕಂಬನಿ' ಹಾಗೂ 'ಚಿಗುರು' ಸಂಕಲನಗಳು ಅವರ ನಿಧನಾನಂತರ ಹೊರಬಂದವು. ತಂಗಿಯೆಂದೇ ಭಾವಿಸಿದ್ದ ದ.ರಾ. ಬೇಂದ್ರೆಯವರು 'ಕಂಬನಿ'ಗೆ ಮುನ್ನುಡಿ ಬರೆದರು. 2023ರಲ್ಲಿ ಮಡಿಕೇರಿಯ ಲೇಖಕಿ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಈ ಕಥೆಗಳು ಇಂಗ್ಲಿಷ್ ಓದುಗರನ್ನು ತಲುಪಿದವು.