ಎರಡು ಬಾರಿ ಮುಖ್ಯಮಂತ್ರಿ, ಎರಡು ಬಾರಿ ರಾಷ್ಟ್ರಪತಿ ಆಳ್ವಿಕೆ: ಚಿಂಚೋಳಿಯ ವೀರೇಂದ್ರ ಪಾಟೀಲ

ಕಲಬುರಗಿ: ನಗರದ ನೆಹರು ಗಂಜ್‌ನ ಅಡತ್ ಅಂಗಡಿಗಳಿಗೆ ತೊಗರಿ ಕಳುಹಿಸುವ ತಾಲ್ಲೂಕುಗಳಲ್ಲಿ ಚಿಂಚೋಳಿಯೂ ಒಂದು. ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ, ಹಿಂದುಳಿದ ತಾಲ್ಲೂಕೆಂದೇ ಸರ್ಕಾರಿ ವರದಿಗಳಲ್ಲಿ ಗುರುತಿಸಿಕೊಂಡ ಈ ನೆಲ ರಾಜ್ಯಕ್ಕೆ ಒಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿತು. ಹೈದರಾಬಾದ್ ಕರ್ನಾಟಕದಿಂದ ಆ ಹುದ್ದೆಗೇರಿದ ಮೊದಲಿಗರು ವೀರೇಂದ್ರ ಪಾಟೀಲ.

ಪಾಟೀಲರು ಎರಡು ಬಾರಿ ಮುಖ್ಯಮಂತ್ರಿಯಾದರು. ಎರಡು ಅವಧಿಗಳ ನಡುವಿನ ಅಂತರ 18 ವರ್ಷಕ್ಕೂ ಹೆಚ್ಚು. ಎರಡೂ ಅವಧಿಗಳು ಕೊನೆಗೊಂಡದ್ದು ರಾಷ್ಟ್ರಪತಿ ಆಳ್ವಿಕೆಯಲ್ಲಿ. ಮೊದಲ ಬಾರಿ ಪಕ್ಷದ ಒಡಕು ಅವರನ್ನು ಕೆಳಗಿಳಿಸಿತು. ಎರಡನೆಯ ಬಾರಿ ಕೋಮು ಗಲಭೆಯ ಹೊಗೆಯ ನಡುವೆ ಅವರ ಪಕ್ಷವೇ ಅವರನ್ನು ಕೈಬಿಟ್ಟಿತು. ಶಾಂತಿ ಕದಡಿ ಜನ ಸತ್ತಾಗ ಉತ್ತರ ಹೇಳಬೇಕಾದುದು ಕಾನೂನೇ, ಪಕ್ಷದ ವರಿಷ್ಠರೇ ಎಂಬ ಪ್ರಶ್ನೆಯನ್ನು ಅವರ ಬದುಕಿನಷ್ಟು ನೇರವಾಗಿ ಮುಂದಿಡುವ ಇನ್ನೊಂದು ಉದಾಹರಣೆ ಕರ್ನಾಟಕದ ರಾಜಕಾರಣದಲ್ಲಿ ವಿರಳ.

ನಿಜಾಮನ ಸೀಮೆಯ ವಕೀಲ

ಪಾಟೀಲರು ಜನಿಸಿದ್ದು 1924ರ ಫೆಬ್ರುವರಿ 28ರಂದು, ಚಿಂಚೋಳಿಯಲ್ಲಿ. ಆಗ ಗುಲಬರ್ಗಾ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಉನ್ನತ ಶಿಕ್ಷಣಕ್ಕೆ ಈ ಭಾಗದ ಯುವಕರು ಹೈದರಾಬಾದಿಗೇ ಹೋಗಬೇಕಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದ ಪಾಟೀಲರು ವಕೀಲ ವೃತ್ತಿ ಹಿಡಿದರು.

ಅವರ ಯೌವನದ ವರ್ಷಗಳು ಈ ಸೀಮೆಯ ಅತ್ಯಂತ ಕಠಿಣ ವರ್ಷಗಳೂ ಹೌದು. 1947-48ರಲ್ಲಿ ರಜಾಕಾರರ ಹಾವಳಿಗೆ ಹಳ್ಳಿಗಳು ತತ್ತರಿಸಿದವು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿದ ಮೇಲೆ ಸೇಡಿನ ಹಿಂಸೆ ನಡೆಯಿತು. ಆ ಹಿಂಸೆಯ ಬಗ್ಗೆ ವಿಚಾರಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡವು ಹೆಚ್ಚು ನಲುಗಿದ ಜಿಲ್ಲೆಗಳ ಸಾಲಿನಲ್ಲಿ ಗುಲಬರ್ಗಾ ಮತ್ತು ಬೀದರ್‌ಗಳನ್ನು ಹೆಸರಿಸಿತ್ತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಎರಡೂ ಬಗೆಯ ಹಿಂಸೆಯನ್ನು ಕಂಡ ಈ ಪ್ರದೇಶಕ್ಕೆ ನ್ಯಾಯ ತಡವಾಗುವುದೂ, ಕೆಲವೊಮ್ಮೆ ಬಾರದೇ ಹೋಗುವುದೂ ಹೊಸ ಸಂಗತಿಯಾಗಿರಲಿಲ್ಲ.

1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷದ ಚುನಾವಣೆಯಲ್ಲಿ ಪಾಟೀಲರು ಚಿಂಚೋಳಿಯಿಂದ ವಿಧಾನಸಭೆ ಪ್ರವೇಶಿಸಿದರು.

ಲವ-ಕುಶರಲ್ಲಿ ಒಬ್ಬರು

ಎಸ್. ನಿಜಲಿಂಗಪ್ಪನವರ ನೆರಳಿನಲ್ಲಿ ಬೆಳೆದ ಇಬ್ಬರು ಯುವ ನಾಯಕರನ್ನು ಅಂದಿನ ರಾಜಕೀಯ ವಲಯ ಲವ-ಕುಶ ಎಂದು ಕರೆಯುತ್ತಿತ್ತು. ಒಬ್ಬರು ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ, ಇನ್ನೊಬ್ಬರು ವೀರೇಂದ್ರ ಪಾಟೀಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಲೋಕೋಪಯೋಗಿ ಖಾತೆ ನಿರ್ವಹಿಸಿದ ಪಾಟೀಲರು ಮಿತಭಾಷಿ ಹಾಗೂ ಕಡತಗಳ ಮೇಲೆ ಹಿಡಿತವಿದ್ದ ಆಡಳಿತಗಾರ ಎಂಬ ಹೆಸರು ಗಳಿಸಿದರು.

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ ಮುಖ್ಯಮಂತ್ರಿ ಸ್ಥಾನ ತೆರವಾಯಿತು. ಆ ವರ್ಷದ ಮೇ 29ರಂದು ಪಾಟೀಲರು ಅಧಿಕಾರ ಸ್ವೀಕರಿಸಿದರು. ಆಗ ಅವರ ವಯಸ್ಸು 44. ಆದರೆ 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಇಂದಿರಾ ಗಾಂಧಿ ಮತ್ತು ಪಕ್ಷದ ಹಿರಿಯರ ನಡುವಿನ ವೈಮನಸ್ಯ ಬಯಲಿಗೆ ಬಂದಿತ್ತು. ನವೆಂಬರ್‌ನಲ್ಲಿ ಪಕ್ಷ ಒಡೆಯಿತು. ಪಾಟೀಲರು ತಮ್ಮ ರಾಜಕೀಯ ಗುರುವಿನೊಂದಿಗೆ ಸಂಸ್ಥಾ ಕಾಂಗ್ರೆಸ್ಸಿನಲ್ಲೇ ಉಳಿದರು.

1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ಶಾಸಕರ ನಿಷ್ಠೆ ಗಾಳಿ ಬಂದತ್ತ ತಿರುಗಿತು. ಮಾರ್ಚ್‌ನಲ್ಲಿ ಪಾಟೀಲರ ಸರ್ಕಾರ ಕೊನೆಗೊಂಡು ರಾಜ್ಯ ಮೊದಲ ಬಾರಿಗೆ ರಾಷ್ಟ್ರಪತಿ ಆಳ್ವಿಕೆಗೆ ಒಳಪಟ್ಟಿತು. 1972ರ ಚುನಾವಣೆಯ ನಂತರ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಪಾಟೀಲರು ರಾಜ್ಯಸಭೆಗೆ ಹೋದರು.

ಚಿಕ್ಕಮಗಳೂರಿನ ಕಣ

ತುರ್ತು ಪರಿಸ್ಥಿತಿಯ ನಂತರದ ವರ್ಷಗಳಲ್ಲಿ ದೇಶದ ರಾಜಕಾರಣ ವಿಚಾರಣಾ ಆಯೋಗಗಳ ಸುತ್ತ ತಿರುಗಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ 1977ರಲ್ಲಿ ಜನತಾ ಸರ್ಕಾರ ಷಾ ಆಯೋಗ ನೇಮಿಸಿತು. ದೇವರಾಜ ಅರಸು ಅವರ ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಬಂತು. ರಾಜ್ಯದ ಮುಖ್ಯಮಂತ್ರಿಯ ವಿರುದ್ಧ ಕೇಂದ್ರ ತನಿಖೆ ನಡೆಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. ನ್ಯಾಯಾಲಯ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿಯಿತು. 1977ರ ಕೊನೆಯ ದಿನ ಅರಸು ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ ಜನ ಅರಸು ಅವರನ್ನೇ ಮತ್ತೆ ಗೆಲ್ಲಿಸಿದರು.

ಇದೇ ಹಿನ್ನೆಲೆಯಲ್ಲಿ 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡ ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ಸ್ಪರ್ಧಿಸಿದರು. ಜನತಾ ಪಕ್ಷ ಎದುರಾಳಿಯಾಗಿ ಕಣಕ್ಕಿಳಿಸಿದ್ದು ವೀರೇಂದ್ರ ಪಾಟೀಲರನ್ನು. ಅಪರಾಧ, ಶಿಕ್ಷೆ, ಕ್ಷಮೆ ಎಂಬ ಮಾತುಗಳೆಲ್ಲ ನ್ಯಾಯಾಲಯದಿಂದ ಚುನಾವಣಾ ವೇದಿಕೆಗೆ ಇಳಿದ ಸಂದರ್ಭ ಅದು. ತುರ್ತು ಪರಿಸ್ಥಿತಿಯ ತಪ್ಪಿಗೆ ಇಂದಿರಾ ಉತ್ತರಿಸಬೇಕೆಂದು ಒಂದು ಪಕ್ಷ ಕೇಳಿದರೆ, ಆಯೋಗಗಳೇ ಸೇಡಿನ ಅಸ್ತ್ರಗಳೆಂದು ಇನ್ನೊಂದು ಪಕ್ಷ ದೂರಿತು. ಸುಮಾರು 77 ಸಾವಿರ ಮತಗಳ ಅಂತರದಲ್ಲಿ ಇಂದಿರಾ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ಜೈಲಿಗೆ ಕಳುಹಿಸಿತು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿಯಾದರು.

ಚಿಕ್ಕಮಗಳೂರಿನಲ್ಲಿ ಸೋತರೂ ಪಾಟೀಲರಿಗೆ ರಾಷ್ಟ್ರಮಟ್ಟದ ಗುರುತು ಸಿಕ್ಕಿತು. ಆದರೆ ಅವರು ಮುಂದೆ ಹಿಡಿದ ದಾರಿ ಅನೇಕರನ್ನು ಅಚ್ಚರಿಗೊಳಿಸಿತು. ಜನತಾ ಪಕ್ಷ ಒಡೆದು, ಅರಸು ಇಂದಿರಾರಿಂದ ದೂರವಾದ ಕಾಲದಲ್ಲಿ ಪಾಟೀಲರು ತಮ್ಮನ್ನು ಸೋಲಿಸಿದ ನಾಯಕಿಯ ಪಕ್ಷಕ್ಕೇ ಸೇರಿದರು. 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದರು. ಕೇಂದ್ರ ಸಂಪುಟದಲ್ಲಿ ಪೆಟ್ರೋಲಿಯಂ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ನಿರ್ವಹಿಸಿದರು. ಭೋಪಾಲ್ ಅನಿಲ ದುರಂತದ ಸಂತ್ರಸ್ತರ ಪರವಾಗಿ ದಾವೆ ಹೂಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದ 1985ರ ಕಾಯ್ದೆ ಬಂದಾಗ ರಾಸಾಯನಿಕ ಖಾತೆ ಅವರ ಕೈಯಲ್ಲಿತ್ತು.

178 ಸ್ಥಾನಗಳ ಗೆಲುವು

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿ ಪಾಟೀಲರು ಪಕ್ಷವನ್ನು ಮುನ್ನಡೆಸಿದರು. ದೆಹಲಿಯಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡ ಆ ಚುನಾವಣೆಯಲ್ಲೇ ಕರ್ನಾಟಕದಲ್ಲಿ ಅದು 224ರಲ್ಲಿ 178 ಸ್ಥಾನ ಗೆದ್ದಿತು. ನವೆಂಬರ್ 30ರಂದು ಪಾಟೀಲರು ಎರಡನೆಯ ಬಾರಿ ಪ್ರಮಾಣವಚನ ಸ್ವೀಕರಿಸಿದರು.

ಈ ಅವಧಿಯಲ್ಲಿ ಅವರು ಹೆಚ್ಚು ಗಮನ ಹರಿಸಿದ್ದು ಬೊಕ್ಕಸದ ಸೋರಿಕೆ ತಡೆಯುವುದಕ್ಕೆ. ಸುಂಕ ತಪ್ಪಿಸಿ ಮಾರುವ ಮದ್ಯದ ವಹಿವಾಟಿನ ಮೇಲೆ ಸರ್ಕಾರ ಬಿಗಿ ಹಿಡಿಯಿತು. ಅಬಕಾರಿ ಗುತ್ತಿಗೆದಾರರ ಪ್ರಭಾವ ಎಲ್ಲ ಪಕ್ಷಗಳಲ್ಲೂ ಹರಡಿದ್ದ ಕಾಲದಲ್ಲಿ ಈ ನಿಲುವು ಅವರಿಗೆ ಪ್ರಶಂಸೆಯ ಜೊತೆಗೆ ವಿರೋಧಿಗಳನ್ನೂ ತಂದಿತು. ಪಕ್ಷದೊಳಗಿನ ಅತೃಪ್ತರೂ ಸುಮ್ಮನಿರಲಿಲ್ಲ. ದೊಡ್ಡ ಬಹುಮತವಿದ್ದರೂ ಸರ್ಕಾರಕ್ಕೆ ಒಳಗಿನ ನೆಮ್ಮದಿ ಇರಲಿಲ್ಲ.

ಗಲಭೆಯ ದಿನಗಳು

1990ರ ಸೆಪ್ಟೆಂಬರ್ 25ರಂದು ಎಲ್.ಕೆ. ಅಡ್ವಾಣಿ ಸೋಮನಾಥದಿಂದ ರಥಯಾತ್ರೆ ಆರಂಭಿಸಿದರು. ಅಯೋಧ್ಯೆ ವಿವಾದದ ಬಿಸಿ ದೇಶದ ಹಲವೆಡೆ ತಟ್ಟಿತು. ಕರ್ನಾಟಕದಲ್ಲಿ ರಾಮನಗರ, ಚನ್ನಪಟ್ಟಣ, ಕೋಲಾರ, ದಾವಣಗೆರೆ ಮುಂತಾದ ಕಡೆ ಕೋಮು ಗಲಭೆ ಭುಗಿಲೆದ್ದಿತು. ಹಲವರು ಪ್ರಾಣ ಕಳೆದುಕೊಂಡರು. ಮನೆ, ಅಂಗಡಿಗಳು ಬೆಂಕಿಗೆ ಆಹುತಿಯಾದವು.

ಗಲಭೆ ಎಂದರೆ ಮೊದಲು ಮುಚ್ಚುವುದು ಮಾರುಕಟ್ಟೆ. ನೆಹರು ಗಂಜ್‌ನಂಥ ವ್ಯಾಪಾರ ಕೇಂದ್ರಗಳಲ್ಲಿ ಅಡತಿ ವರ್ತಕ, ಲಾರಿ ಚಾಲಕ, ದಿನಗೂಲಿಯ ಹಮಾಲ ಬೇರೆ ಬೇರೆ ಸಮುದಾಯಗಳಿಂದ ಬಂದವರು. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಶಾಂತಿಪಾಲನೆ ಎಂಬುದು ಈ ಜನರ ಪಾಲಿಗೆ ಪಕ್ಷದ ಪ್ರಣಾಳಿಕೆಯ ಮಾತಲ್ಲ, ದಿನದ ಅನ್ನದ ಮಾತು. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆಯನ್ನು ಸಂವಿಧಾನ ರಾಜ್ಯ ಪಟ್ಟಿಯಲ್ಲಿ ಇರಿಸಿರುವುದರಿಂದ ಅದರ ಹೊಣೆ ಮುಖ್ಯಮಂತ್ರಿಯದೇ.

ಆದರೆ ಆ ದಿನಗಳಲ್ಲಿ ಪಾಟೀಲರು ತೀವ್ರ ಅನಾರೋಗ್ಯಕ್ಕೆ ಒಳಗಾಗಿದ್ದರು. ಮುಖ್ಯಮಂತ್ರಿ ಹಾಸಿಗೆ ಹಿಡಿದಿದ್ದಾಗ ಆಡಳಿತ ಸಡಿಲಗೊಂಡಿತು ಎಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗಲಭೆಗೆ ಯಾರು ಕಾರಣ, ಪೊಲೀಸರು ಎಲ್ಲಿ ತಪ್ಪಿದರು, ಸಂತ್ರಸ್ತರಿಗೆ ಪರಿಹಾರ ಹೇಗೆ ಎಂಬುದು ಮೊದಲು ಚರ್ಚೆಯಾಗಬೇಕಿತ್ತು. ಚರ್ಚೆಯಾದದ್ದು ಮುಂದಿನ ಮುಖ್ಯಮಂತ್ರಿ ಯಾರು ಎಂಬುದು.

ವಿಮಾನ ನಿಲ್ದಾಣದ ಘೋಷಣೆ

ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿ ರಾಜ್ಯಕ್ಕೆ ಬಂದು ಗಲಭೆಪೀಡಿತ ಪ್ರದೇಶಗಳನ್ನು ನೋಡಿದರು, ಅನಾರೋಗ್ಯದಲ್ಲಿದ್ದ ಪಾಟೀಲರನ್ನೂ ಕಂಡರು. ದೆಹಲಿಗೆ ಮರಳುವ ಮುನ್ನ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿದರು. ಹತ್ತು ತಿಂಗಳ ಹಿಂದೆ 178 ಸ್ಥಾನ ಗೆದ್ದುಕೊಟ್ಟ ಮುಖ್ಯಮಂತ್ರಿಯ ನಿರ್ಗಮನ ಹೀಗೆ ರಾಜ್ಯಕ್ಕೆ ತಿಳಿಯಿತು.

ಪಾಟೀಲರು ತಕ್ಷಣ ರಾಜೀನಾಮೆ ಕೊಡಲು ಒಪ್ಪಲಿಲ್ಲ. ಬಿಕ್ಕಟ್ಟಿನ ನಡುವೆ ರಾಜ್ಯಪಾಲ ಭಾನುಪ್ರತಾಪ ಸಿಂಗ್ ವರದಿ ಕಳುಹಿಸಿದರು. ವಿ.ಪಿ. ಸಿಂಗ್ ನೇತೃತ್ವದ ಕೇಂದ್ರ ಸರ್ಕಾರ ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಹೇರಿತು. ವಿಧಾನಸಭೆ ವಿಸರ್ಜನೆಯಾಗಲಿಲ್ಲ, ಅಮಾನತಿನಲ್ಲಿತ್ತು. ಒಂದು ವಾರದ ಬಳಿಕ, ಅಕ್ಟೋಬರ್ 17ರಂದು, ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು. ಯಾರಿಗೆ ಬಹುಮತವಿದೆ ಎಂಬುದು ಸದನದಲ್ಲಿ ಇತ್ಯರ್ಥವಾಗಲಿಲ್ಲ. ಸರ್ಕಾರದ ಬಹುಮತ ಪರೀಕ್ಷೆಯಾಗಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟ್ ಬೊಮ್ಮಾಯಿ ಪ್ರಕರಣದಲ್ಲಿ ಸಾರಿದ್ದು 1994ರ ಮಾರ್ಚ್‌ನಲ್ಲಿ. ಪಾಟೀಲರ ಪಾಲಿಗೆ ಆ ತೀರ್ಪು ಮೂರೂವರೆ ವರ್ಷ ತಡವಾಗಿತ್ತು.

ಉಳಿದ ಲೆಕ್ಕ

ರಾಜಕೀಯ ಲೆಕ್ಕಾಚಾರ ಬೇಗನೆ ಬದಲಾಯಿತು. 1989ರಿಂದ 1994ರ ನಡುವಿನ ಒಂದೇ ವಿಧಾನಸಭೆಯಲ್ಲಿ ಕಾಂಗ್ರೆಸ್ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ ಎಂಬ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. 1994ರ ಚುನಾವಣೆಯಲ್ಲಿ ಪಕ್ಷ 34 ಸ್ಥಾನಕ್ಕೆ ಕುಸಿಯಿತು. ಈ ಸೋಲಿಗೆ ಕಾರಣಗಳು ಹಲವು. ಆದರೆ ಪಾಟೀಲರನ್ನು ಇಳಿಸಿದ ರೀತಿಯಿಂದ ಲಿಂಗಾಯತ ಸಮುದಾಯ ಕಾಂಗ್ರೆಸ್ಸಿನಿಂದ ದೂರ ಸರಿಯಿತು ಎಂಬ ವಿಶ್ಲೇಷಣೆ ಇಂದಿಗೂ ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತದೆ. 1990ರ ನಂತರ 2023ರವರೆಗೆ ಕಾಂಗ್ರೆಸ್ ಮುಖ್ಯಮಂತ್ರಿಯಾಗಿ ಆರಿಸಿದವರಲ್ಲಿ ಲಿಂಗಾಯತರಿಲ್ಲ ಎಂಬುದು ಆ ವಿಶ್ಲೇಷಣೆಗೆ ಬಲ ಕೊಟ್ಟಿದೆ.

ಅಧಿಕಾರದಿಂದ ಇಳಿದ ಮೇಲೆ ಪಾಟೀಲರು ಸಕ್ರಿಯ ರಾಜಕಾರಣದಿಂದ ಬಹುತೇಕ ದೂರ ಉಳಿದರು. 1997ರ ಮಾರ್ಚ್ 14ರಂದು, 73ನೆಯ ವಯಸ್ಸಿನಲ್ಲಿ ನಿಧನರಾದರು. ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯೊಂದು ಅವರ ಹೆಸರನ್ನು ಹೊತ್ತಿದೆ. ಜಿಲ್ಲೆಯಿಂದ ಮತ್ತೊಬ್ಬರು ಮುಖ್ಯಮಂತ್ರಿಯಾಗಲು 2004ರವರೆಗೆ, ಧರ್ಮಸಿಂಗ್ ಅವರ ಕಾಲದವರೆಗೆ ಕಾಯಬೇಕಾಯಿತು.

1990ರ ಅಕ್ಟೋಬರ್ ಎಂದರೆ ರಾಜ್ಯದ ಜನರಿಗೆ ನೆನಪಾಗುವುದು ವಿಮಾನ ನಿಲ್ದಾಣದ ಘೋಷಣೆ. ಅದರಿಂದ ಒಬ್ಬ ನಾಯಕನಿಗಾದ ಅವಮಾನ, ಒಂದು ಸಮುದಾಯಕ್ಕಾದ ನೋವು, ಒಂದು ಪಕ್ಷಕ್ಕಾದ ನಷ್ಟ ಇವೆಲ್ಲದರ ಲೆಕ್ಕ ಮೂರು ದಶಕಗಳಿಂದ ನಡೆದೇ ಇದೆ. ಅದೇ ತಿಂಗಳು ರಾಮನಗರ, ಚನ್ನಪಟ್ಟಣ, ದಾವಣಗೆರೆಯ ಬೀದಿಗಳಲ್ಲಿ ಸತ್ತವರ ಹೆಸರು ಆ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ. ಕಾನೂನು ಓದಿ ರಾಜಕಾರಣಕ್ಕೆ ಬಂದ ವೀರೇಂದ್ರ ಪಾಟೀಲರ ಬದುಕಿನಲ್ಲಿ ಅವರ ಪದಚ್ಯುತಿಗಿಂತ ದೊಡ್ಡ ಅನ್ಯಾಯವೆಂದು ಎಣಿಸಬೇಕಾದುದು ಈ ಮರೆವನ್ನೇ.