ದೀಪ ಹಿಡಿದ ನೈಟಿಂಗೇಲ್‌ಗೆ ದಣಿವೇ ಆಗಲಿಲ್ಲವೇ?

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದಣಿವರಿಯದ ದೇವತೆ ಎಂದು ಹಲವರು ನಂಬುತ್ತಾರೆ. ಇದು ನಿಜವಲ್ಲ.

1820ರಲ್ಲಿ ಹುಟ್ಟಿದ ಅವರು 1854ರಲ್ಲಿ 38 ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಹೋದರು. ರಾತ್ರಿ ದೀಪ ಹಿಡಿದು ರೋಗಿಗಳನ್ನು ನೋಡುತ್ತಿದ್ದುದು ಹೌದು. ಆದರೆ 1855ರಲ್ಲಿ ಜ್ವರದಿಂದ ಸಾಯುವ ಸ್ಥಿತಿ ತಲುಪಿದ್ದರು. ಇಂಗ್ಲೆಂಡಿಗೆ ಮರಳಿದ ಮೇಲೂ ಆರೋಗ್ಯ ಸುಧಾರಿಸಲಿಲ್ಲ. ವರ್ಷಗಟ್ಟಲೆ ಹಾಸಿಗೆಯಿಂದಲೇ ದುಡಿದರು.

ಗಾಯಕ್ಕಿಂತ ತಡೆಯಬಹುದಾದ ಕಾಯಿಲೆಗಳೇ ಹೆಚ್ಚು ಸೈನಿಕರನ್ನು ಕೊಂದವೆಂದು 1858ರಲ್ಲಿ ಅಂಕಿಅಂಶ ಸಹಿತ ತೋರಿಸಿದರು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆದರು. ಭಾರತಕ್ಕೆ ಬಾರದಿದ್ದರೂ ಇಲ್ಲಿನ ನೀರು, ಚರಂಡಿ ಸುಧಾರಣೆಗೆ ಒತ್ತಾಯಿಸಿದರು. 1910ರಲ್ಲಿ ತೀರಿಕೊಂಡರು.

ಪುರವರದಿಂದ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದಾಗ ತುರ್ತು ವಿಭಾಗದಲ್ಲಿ ಸಿಗುವ ಸಿಸ್ಟರ್‌ಗೂ ದಣಿವಾಗುತ್ತದೆ. ಅವರಿಗೆ ಬೇಕಿರುವುದು ದೇವತೆಯ ಪಟ್ಟವಲ್ಲ. ಸಾಕಷ್ಟು ಸಿಬ್ಬಂದಿ, ವಿರಾಮ, ನಮ್ಮಿಂದ ಸ್ವಲ್ಪ ತಾಳ್ಮೆ.